ಐವತ್ತು ವಾಯಿದೆಗಳಾದರೂ ನ್ಯಾಯಾಧೀಶರು ನನ್ನ ಮಾತನ್ನು ಏಕೆ ಕೇಳಲಿಲ್ಲ?

ಪ್ರಶ್ನೆ: ನಾನು ಬೆಂಗಳೂರಿನ ನಿವೃತ್ತ ಶಿಕ್ಷಕಿ. ನಮ್ಮ ತಂದೆಗೆ 1972ರಲ್ಲಿ ರಾಜಾಜಿನಗರದಲ್ಲಿ ಸಿಐಟಿಬಿಯಿಂದ (ಆಗಿನ ನಗರ ಸುಧಾರಣಾ ಮಂಡಳಿ) 30×40 ಅಡಿಯ ನಿವೇಶನ ಹಂಚಿಕೆಯಾಗಿತ್ತು. ಅದರಲ್ಲಿ ಅವರು ತಮ್ಮ ಸಂಬಳದ ಹಣದಿಂದಲೇ ಮನೆ ಕಟ್ಟಿಸಿದರು. ತಾಯಿ ಮೊದಲೇ ತೀರಿಕೊಂಡಿದ್ದರು, ತಂದೆ 2016ರಲ್ಲಿ ಹೋದರು. ಮಕ್ಕಳು ಮೂವರು: ಅಣ್ಣ, ನಾನು, ತಂಗಿ. ತಂದೆ 2015ರಲ್ಲಿ ಮನೆಯನ್ನು ತಮಗೇ ಬರೆದುಕೊಟ್ಟರೆಂದು ಅಣ್ಣ ನೋಂದಣಿಯಾಗದ ಉಯಿಲೊಂದನ್ನು ತೋರಿಸಿ, ಖಾತೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದಾರೆ. ‘ಹೆಣ್ಣುಮಕ್ಕಳು ನನ್ನನ್ನು ನೋಡಿಕೊಳ್ಳಲಿಲ್ಲ’ ಎಂದು ಆ ಉಯಿಲಿನಲ್ಲಿದೆ. ತಂದೆಯ ಆಸ್ಪತ್ರೆವಾಸದ ಪ್ರತಿ ರಾತ್ರಿಯೂ ಜೊತೆಯಲ್ಲಿದ್ದವಳು ನಾನು. 2019ರಲ್ಲಿ ನಾನು ಮತ್ತು ತಂಗಿ ಸಿಟಿ ಸಿವಿಲ್ ಕೋರ್ಟಿನಲ್ಲಿ ವಿಭಾಗದ ದಾವೆ ಹೂಡಿದೆವು. ಐವತ್ತಕ್ಕೂ ಹೆಚ್ಚು ವಾಯಿದೆಗಳಾಗಿವೆ. ನನ್ನ ಪಾಟೀಸವಾಲು ಮುಗಿದು, ಈಗ ಅಣ್ಣನ ಕಡೆಯ ಸಾಕ್ಷ್ಯಕ್ಕೆ ಬಂದಿದೆ. ನಮ್ಮ ವಕೀಲರು ಪ್ರತಿಸಲವೂ ಎರಡು ನಿಮಿಷ ನಿಂತು ಬರುತ್ತಾರೆ. ಕಟಕಟೆಯಲ್ಲಿ ಏನನ್ನಾದರೂ ವಿವರಿಸಹೋದರೆ ‘ಕೇಳಿದ್ದಕ್ಕಷ್ಟೇ ಉತ್ತರ ಹೇಳಿ’ ಎಂದು ನಮ್ಮ ವಕೀಲರೇ ತಡೆದರು. ಒಮ್ಮೆ ಅವರೂ ಅಣ್ಣನ ವಕೀಲರೂ ಕ್ಯಾಂಟೀನಿನಲ್ಲಿ ಒಟ್ಟಿಗೆ ಕಾಫಿ ಕುಡಿಯುತ್ತಿದ್ದುದನ್ನು ಕಂಡೆ. ನಾನು ವಕೀಲರನ್ನು ಬದಲಿಸಬೇಕೆ?

ಉತ್ತರ: ಕ್ಯಾಂಟೀನಿನ ಕಾಫಿಯಿಂದಲೇ ಆರಂಭಿಸುತ್ತೇನೆ. ನೀವು ಅದನ್ನು ಕೊನೆಯಲ್ಲಿ, ಹೇಳಲೋ ಬೇಡವೋ ಎಂಬಂತೆ ಬರೆದಿದ್ದೀರಿ. ಆದರೆ ನಿಮ್ಮನ್ನು ಹೆಚ್ಚು ಕಾಡಿರುವುದು ಅದೇ ಎಂದು ನನಗೆ ತೋರುತ್ತದೆ. ಎದುರುಬದುರು ವಾದಿಸುವ ವಕೀಲರು ಒಂದೇ ಆವರಣದಲ್ಲಿ, ಒಂದೇ ಸಂಘದ ಕೊಠಡಿಯಲ್ಲಿ ಮೂವತ್ತು ನಲವತ್ತು ವರ್ಷಗಳನ್ನು ಒಟ್ಟಿಗೆ ಕಳೆಯುವವರು. ಇಂದು ನನ್ನ ಸಾಕ್ಷಿಯನ್ನು ಬೆವರಿಳಿಸಿದವರ ಜೊತೆಗೇ ನಾಳೆ ಇನ್ನೊಂದು ದಾವೆಯಲ್ಲಿ ನಾನು ಒಂದೇ ಕಡೆ ನಿಲ್ಲಬೇಕಾಗಬಹುದು. ಕಕ್ಷಿದಾರರು ನಂಬಿ ಹೇಳಿದ ಮಾತನ್ನು ಎದುರಾಳಿಗೆ ತಲುಪಿಸುವುದು ವೃತ್ತಿದ್ರೋಹ. 1961ರ ವಕೀಲರ ಅಧಿನಿಯಮದ ಪ್ರಕಾರ ಅಂಥ ದೂರಿನ ಮೇಲೆ ರಾಜ್ಯ ವಕೀಲರ ಪರಿಷತ್ತು ವಿಚಾರಣೆ ನಡೆಸಿ ಸನ್ನದನ್ನೇ ಕಿತ್ತುಕೊಳ್ಳಬಹುದು. ಕಾಫಿ ಕುಡಿಯುವುದು ಆ ಪಟ್ಟಿಯಲ್ಲಿ ಬರುವುದಿಲ್ಲ. ನಿಮ್ಮ ವಕೀಲರು ನಿಮ್ಮ ಪರವಾಗಿ ಕೆಲಸ ಮಾಡುತ್ತಿದ್ದಾರೋ ಇಲ್ಲವೋ ಎಂಬುದಕ್ಕೆ ಪುರಾವೆ ಬೇಕಾದರೆ ಅದು ಕಡತದಲ್ಲಿದೆ. ಆ ಕಡತವನ್ನು ಓದುವುದು ಹೇಗೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಮಾತನ್ನು ನ್ಯಾಯಾಧೀಶರು ಕೇಳಲಿಲ್ಲವೆಂಬ ನೋವಿಗೆ ಒಂದು ಕಾರಣವಿದೆ, ಅದನ್ನು ನಿಮಗೆ ಯಾರೂ ಮೊದಲೇ ವಿವರಿಸಿದಂತೆ ಕಾಣುವುದಿಲ್ಲ. ಹಿಂದೆ ವಾದಿಯಾದವರು ಕಟಕಟೆಗೆ ಹತ್ತಿದರೆ ಮೊದಲು ಅವರ ವಕೀಲರೇ ಒಂದೊಂದಾಗಿ ಪ್ರಶ್ನೆ ಕೇಳುತ್ತಿದ್ದರು. ಹೆಸರೇನು, ತಂದೆ ಏನು ಕೆಲಸದಲ್ಲಿದ್ದರು, ಮನೆ ಯಾವಾಗ ಕಟ್ಟಿಸಿದರು ಎಂದು ಕಥೆ ಸಾಕ್ಷಿಯ ಬಾಯಿಂದಲೇ ಬಿಚ್ಚಿಕೊಳ್ಳುತ್ತಿತ್ತು, ನ್ಯಾಯಾಧೀಶರು ಕೇಳುತ್ತ ಬರೆಸಿಕೊಳ್ಳುತ್ತಿದ್ದರು. ಸಿವಿಲ್ ಪ್ರಕ್ರಿಯಾ ಸಂಹಿತೆಗೆ 2002ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರ ಈ ಮುಖ್ಯ ವಿಚಾರಣೆ ಪ್ರಮಾಣಪತ್ರದ ರೂಪ ತಳೆಯಿತು. ನಿಮ್ಮ ಕಥೆಯನ್ನು ವಕೀಲರ ಕಚೇರಿಯಲ್ಲಿ ಟೈಪು ಮಾಡಿ, ನಿಮ್ಮ ಸಹಿ ಹಾಕಿಸಿ ಸಲ್ಲಿಸುತ್ತಾರೆ. ನೀವು ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿ, ಸಹಿ ನನ್ನದೇ ಎಂದು ಗುರುತಿಸಿ, ದಾಖಲೆಗಳಿಗೆ ನಿಶಾನೆ ಹಾಕಿಸಿದರೆ ಮುಗಿಯಿತು. ಕಾಲ ಉಳಿಸಲೆಂದೇ ಮಾಡಿದ ಬದಲಾವಣೆ ಅದು, ಸ್ವಲ್ಪಮಟ್ಟಿಗೆ ಉಳಿಸಿದ್ದೂ ನಿಜ. ಆದರೆ ಅದರ ಫಲವಾಗಿ, ಜೀವಮಾನದಲ್ಲಿ ಮೊದಲ ಬಾರಿಗೆ ಕೋರ್ಟು ಮೆಟ್ಟಿಲು ಹತ್ತಿದ ಹೆಣ್ಣುಮಗಳೊಬ್ಬಳನ್ನು ಅಲ್ಲಿ ಮೊದಲು ಮಾತನಾಡಿಸುವವರು ಅವಳ ಎದುರಾಳಿಯ ವಕೀಲರೇ ಆಗಿರುತ್ತಾರೆ. ಅವಳು ಹೇಳಬೇಕೆಂದು ವರ್ಷಗಟ್ಟಲೆ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡ ಮಾತು ಆಗಲೇ ಕಾಗದವಾಗಿ ಕಡತ ಸೇರಿರುತ್ತದೆ. ಬಾಯಿಂದ ಬರಬೇಕಾದದ್ದು ಕೇವಲ ಹೌದು, ಅಲ್ಲ.

ಆ ಹೌದು ಅಲ್ಲಗಳೂ ನೀವು ಹೇಳಿದಂತೆಯೇ ದಾಖಲಾಗುವುದಿಲ್ಲ. ನಮ್ಮ ಕೋರ್ಟುಗಳ ಸಾಕ್ಷ್ಯದ ಹಾಳೆಗಳನ್ನು ತೆಗೆದು ನೋಡಿ: ಪ್ರತಿಯೊಂದು ವಾಕ್ಯವೂ ‘ಎಂದರೆ ಸರಿ’ ಅಥವಾ ‘ಎಂದರೆ ಸರಿಯಲ್ಲ’ ಎಂದು ಮುಗಿಯುತ್ತದೆ. ವಕೀಲರ ಪ್ರಶ್ನೆ, ಸಾಕ್ಷಿಯ ಉತ್ತರ ಎರಡನ್ನೂ ಬೆಸೆದು ನ್ಯಾಯಾಧೀಶರು ಬೆರಳಚ್ಚುಗಾರರಿಗೆ ಹೇಳಿ ಬರೆಸುವ ಒಂದು ವಾಕ್ಯ ಅದು. ‘ತಂದೆಯ ಚಿಕಿತ್ಸೆಯ ಹಣವನ್ನು ಅಣ್ಣನೇ ಕೊಟ್ಟರಲ್ಲವೇ?’ ಎಂದು ಎದುರು ವಕೀಲರು ಕೇಳುತ್ತಾರೆ. ‘ದುಡ್ಡು ಅಣ್ಣನೇ ಕೊಟ್ಟದ್ದು ಸ್ವಾಮಿ, ಆದರೆ ಹಗಲೂ ರಾತ್ರಿ ಆಸ್ಪತ್ರೆಯಲ್ಲಿ ಕೂತಿದ್ದವಳು ನಾನು’ ಎಂದು ನೀವೆನ್ನುತ್ತೀರಿ. ದಾಖಲಾಗುವುದು ‘ತಂದೆಯ ಚಿಕಿತ್ಸಾ ವೆಚ್ಚವನ್ನು 1ನೇ ಪ್ರತಿವಾದಿಯೇ ಭರಿಸಿದರು ಎಂದರೆ ಸರಿ.’ ಉತ್ತರದ ಉಳಿದರ್ಧ ‘ಸಾಕ್ಷಿ ಮುಂದುವರಿದು ತಾನಾಗಿ ಹೇಳುವುದೇನೆಂದರೆ’ ಎಂಬ ತಲೆಬರಹದಡಿ ಸೇರಬಹುದು, ಸೇರದಿರಲೂಬಹುದು. ಅದನ್ನು ಬರೆಸಿಕೊಳ್ಳುವಂತೆ ಆ ಕ್ಷಣದಲ್ಲೇ ಎದ್ದು ಕೇಳುವುದು ನಿಮ್ಮ ವಕೀಲರ ಕೆಲಸ. ನನ್ನ ಅನುಭವದಲ್ಲಿ ಪಾಟೀಸವಾಲಿನ ದಿನ ವಕೀಲರ ಕಿವಿ ಎಷ್ಟು ಚುರುಕಾಗಿದೆ ಎಂಬುದರ ಮೇಲೆ ದಾವೆಯ ಅರ್ಧ ಭವಿಷ್ಯ ನಿಂತಿರುತ್ತದೆ.

ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ. ಕನ್ನಡದಲ್ಲಿ ಹೇಳಿದ್ದು ಕನ್ನಡದಲ್ಲೇ ದಾಖಲಾದರೆ ಅಷ್ಟು ಚಿಂತೆಯಿಲ್ಲ. ಬೆಂಗಳೂರಿನಲ್ಲಿ ಎಷ್ಟೋ ಸಲ ಉತ್ತರ ಕನ್ನಡದಲ್ಲಿ, ದಾಖಲೆ ಇಂಗ್ಲಿಷಿನಲ್ಲಿ. ನಮ್ಮ ಹಿರಿಯರು ‘ಇರಬಹುದು’ ಎನ್ನುವುದು ಬಹುಪಾಲು ಸೌಜನ್ಯಕ್ಕೆ, ಎದುರಿನವರ ಮಾತನ್ನು ಕಡಿದುಹಾಕಬಾರದೆಂಬ ಸಂಕೋಚಕ್ಕೆ. ಹಾಳೆಯ ಮೇಲೆ ಅದು ಒಪ್ಪಿಗೆಯಾಗಿ ಕುಳಿತುಬಿಡುತ್ತದೆ. ಸಾಕ್ಷ್ಯದ ಕೊನೆಯಲ್ಲಿ ‘ಓದಿ ಹೇಳಿ ಕೇಳಲಾಗಿದೆ, ಸರಿಯಿದೆ’ ಎಂಬ ಒಕ್ಕಣೆಯ ಕೆಳಗೆ ಸಾಕ್ಷಿಯ ಸಹಿ ತೆಗೆದುಕೊಳ್ಳುತ್ತಾರೆ. ಅಲ್ಲಿ ನಿಂತು, ಕೊಟ್ಟ ಹಾಳೆಯನ್ನು ನಿಧಾನವಾಗಿ ಓದಿ, ತಪ್ಪಿದ್ದರೆ ಆಗಲೇ ತೋರಿಸುವ ಹಕ್ಕು ಸಾಕ್ಷಿಗಿದೆ. ಬಳಸುವವರು ಕಡಿಮೆ. ಹಿಂದೆ ಇನ್ನೂ ಹತ್ತು ಜನ ಕಾಯುತ್ತಿರುವಾಗ ಓದುತ್ತ ನಿಲ್ಲುವುದಕ್ಕೆ ಮುಜುಗರ.

ಈ ವಿವರವನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ನಿಮ್ಮ ದಾವೆಯಲ್ಲಿ ತೀರ್ಪು ಬರೆಯುವವರು ಬಹುಶಃ ನಿಮ್ಮ ಮುಖವನ್ನೇ ನೋಡಿರುವುದಿಲ್ಲ. ನ್ಯಾಯಾಧೀಶರಿಗೆ ವರ್ಗಾವಣೆಗಳಿವೆ, ಸಾಮಾನ್ಯವಾಗಿ ಬೇಸಿಗೆಯ ಹೊತ್ತಿಗೆ ಹಲವು ಪೀಠಗಳಲ್ಲಿ ಹೊಸಬರು ಬರುತ್ತಾರೆ, ಹಿಂದಿನವರು ದಾಖಲಿಸಿದ ಸಾಕ್ಷ್ಯವನ್ನು ಆಧರಿಸಿ ಮುಂದುವರಿಯಲು ಸಂಹಿತೆ ಅವರಿಗೆ ಅನುಮತಿ ಕೊಡುತ್ತದೆ. ನೀವು ಉತ್ತರಿಸುವಾಗ ಕಣ್ಣಲ್ಲಿ ನೀರು ತಂದುಕೊಂಡದ್ದು, ನಿಮ್ಮ ಅಣ್ಣನವರು ತಲೆ ತಗ್ಗಿಸಿದ್ದು ಇವೆಲ್ಲ ಆ ಸಭಾಂಗಣದಲ್ಲೇ ಉಳಿದುಹೋಗುತ್ತವೆ. ಮುಂದಿನ ನ್ಯಾಯಾಧೀಶರಿಗೂ, ಮೇಲ್ಮನವಿಯಾದರೆ ಅಠಾರಾ ಕಚೇರಿಯಲ್ಲಿ ಕುಳಿತ ಹೈಕೋರ್ಟಿನ ನ್ಯಾಯಮೂರ್ತಿಗಳಿಗೂ ದಾಟುವುದು ಕಾಗದ ಮಾತ್ರ. ಹಾಗಾಗಿ ನಿಮ್ಮ ಮಾತನ್ನು ಕೇಳಿದರೇ ಎಂಬ ಪ್ರಶ್ನೆಯನ್ನು ನಾನು ಸ್ವಲ್ಪ ತಿರುಗಿಸಿ ಕೇಳುತ್ತೇನೆ: ನಿಮ್ಮ ಮಾತು ಕಡತದಲ್ಲಿ ಇದೆಯೇ?

ಅದನ್ನು ತಿಳಿಯಲು ಮೊದಲು ನಿಮ್ಮ ದಾವೆಯಲ್ಲಿ ಕೋರ್ಟು ರಚಿಸಿರುವ ವಿವಾದಾಂಶಗಳನ್ನು, ಅಂದರೆ ಅದು ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು ಓದಿ. ನೀವು ಬರೆದ ಸಂಗತಿಗಳ ಪ್ರಕಾರ ಅವುಗಳಲ್ಲಿ ಮುಖ್ಯವಾದದ್ದು, ತಂದೆ ಬರೆದರೆನ್ನುವ ಉಯಿಲನ್ನು 1ನೇ ಪ್ರತಿವಾದಿ ರುಜುವಾತುಪಡಿಸುತ್ತಾರೆಯೇ ಎಂಬುದಾಗಿರಲೇಬೇಕು. ನಿವೇಶನ ತಂದೆಗೆ ಹಂಚಿಕೆಯಾದದ್ದು, ಮನೆ ಅವರ ಸಂಬಳದಿಂದ ಕಟ್ಟಿದ್ದು. ಅಂದರೆ ಅದು ಸ್ವಯಾರ್ಜಿತ. ನೆಂಟರಿಷ್ಟರು ನಿಮಗೆ ಹಿಂದೂ ಉತ್ತರಾಧಿಕಾರ ಕಾನೂನಿನ 2005ರ ತಿದ್ದುಪಡಿಯ ಬಗ್ಗೆ, ಹುಟ್ಟಿನಿಂದಲೇ ಹೆಣ್ಣುಮಕ್ಕಳಿಗೆ ಹಕ್ಕಿದೆಯೆಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದ್ದರ ಬಗ್ಗೆ ಹೇಳಿರುತ್ತಾರೆ. ಅದು ಪಿತ್ರಾರ್ಜಿತ ಅವಿಭಕ್ತ ಕುಟುಂಬದ ಆಸ್ತಿಯ ಮಾತು, ನಿಮಗೆ ಅದರ ಅಗತ್ಯವೇ ಇಲ್ಲ. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ ಸ್ವಯಾರ್ಜಿತ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲೆಂದು 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವೇ ಹೇಳಿದೆ. (ಹಳೆಯ ಮೈಸೂರು ಸೀಮೆಯಲ್ಲಿ ಹೆಂಗಸರ ಆಸ್ತಿ ಹಕ್ಕಿಗೆಂದು ಪ್ರತ್ಯೇಕ ಕಾನೂನು 1933ರಷ್ಟು ಹಿಂದೆಯೇ ಬಂದಿತ್ತು ಎಂಬುದನ್ನು ನಮ್ಮ ಕಿರಿಯ ವಕೀಲರೇ ಮರೆತಿದ್ದಾರೆ.) ಇನ್ನು ಖಾತೆ ತೆರಿಗೆ ವಸೂಲಿಗಾಗಿ ಇಟ್ಟ ದಾಖಲೆ, ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ. ಅಣ್ಣನವರ ಹೆಸರಿಗೆ ಖಾತೆಯಾಗಿದೆಯೆಂದು ನಿದ್ದೆಗೆಡಬೇಡಿ.

ಉಳಿಯುವುದು ಉಯಿಲು. ಅದು ನೋಂದಣಿಯಾಗಿಲ್ಲವೆಂಬ ಒಂದೇ ಕಾರಣಕ್ಕೆ ಬಿದ್ದುಹೋಗುವುದಿಲ್ಲ, ನೋಂದಣಿ ಕಡ್ಡಾಯವಲ್ಲ. ಆದರೆ ಅದಕ್ಕೆ ಇಬ್ಬರು ಸಾಕ್ಷಿಗಳು ಸಹಿ ಹಾಕಿರಬೇಕು, ಅವರಲ್ಲಿ ಬದುಕಿರುವ ಒಬ್ಬರನ್ನಾದರೂ ಕೋರ್ಟಿಗೆ ಕರೆತಂದು ನುಡಿಸಬೇಕು, ಮತ್ತು ಈ ಹೊಣೆಯೆಲ್ಲ ಉಯಿಲನ್ನು ಮುಂದಿಟ್ಟವರದು. ಈ ವಿಷಯದಲ್ಲಿ ದೇಶದ ಎಲ್ಲ ಕೋರ್ಟುಗಳೂ ಇಂದಿಗೂ ಎತ್ತಿ ಹೇಳುವ ತೀರ್ಪು ನಮ್ಮ ಮೈಸೂರಿನಿಂದ ಹೋದ ಪ್ರಕರಣದ್ದು: ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ, ಸುಪ್ರೀಂ ಕೋರ್ಟ್, 1959ನೇ ಇಸವಿಯ ವರದಿ. ಸಹಿ ರುಜುವಾತಾದರೆ ಸಾಲದು, ಉಯಿಲಿನ ಸುತ್ತ ಅನುಮಾನಾಸ್ಪದ ಸಂದರ್ಭಗಳಿದ್ದರೆ ಅವನ್ನು ನಿವಾರಿಸಿ ನ್ಯಾಯಾಲಯದ ಮನಸ್ಸಿಗೆ ಸಮಾಧಾನವಾಗುವಂತೆ ಮಾಡುವ ಭಾರವೂ ಉಯಿಲಿನಿಂದ ಲಾಭ ಪಡೆಯುವವರದೇ ಎಂದು ಅಲ್ಲಿ ಹೇಳಲಾಯಿತು.

ನೀವು ಆಸ್ಪತ್ರೆಯಲ್ಲಿ ಕಳೆದ ರಾತ್ರಿಗಳು ನಿಜವಾಗಿ ಬೆಲೆ ಪಡೆಯುವುದು ಇಲ್ಲಿ. ಪಾಲಿನ ಲೆಕ್ಕದಲ್ಲಿ ಅವಕ್ಕೆ ಕಿಂಚಿತ್ತೂ ಬೆಲೆಯಿಲ್ಲ. ತಂದೆಯನ್ನು ಹತ್ತು ವರ್ಷ ನೋಡಿಕೊಂಡ ಮಗಳಿಗೂ, ಹತ್ತು ವರ್ಷ ತಿರುಗಿ ನೋಡದ ಮಗಳಿಗೂ ಕಾನೂನು ಕೊಡುವುದು ಅಷ್ಟೇ ಪಾಲು. ಕಟಕಟೆಯಲ್ಲಿ ನಿಮ್ಮನ್ನು ತಡೆದಾಗ ನಿಮ್ಮ ವಕೀಲರ ತಲೆಯಲ್ಲಿ ಬಹುಶಃ ಇದೇ ಇತ್ತು, ಜೊತೆಗೆ ವಿವರಣೆ ಉದ್ದವಾದಷ್ಟೂ ಎದುರು ವಕೀಲರಿಗೆ ಹಿಡಿಯಲು ಹೊಸ ಎಳೆಗಳು ಸಿಗುತ್ತವೆ ಎಂಬ ಭಯವೂ ಇದ್ದಿರಬಹುದು, ಅದು ಸಕಾರಣವಾದ ಭಯ. ಆದರೆ ‘ಹೆಣ್ಣುಮಕ್ಕಳು ನನ್ನನ್ನು ನೋಡಿಕೊಳ್ಳಲಿಲ್ಲ’ ಎಂದು ಉಯಿಲೇ ಕಾರಣ ಕೊಟ್ಟಿರುವಾಗ ವಿಷಯ ಬೇರೆಯಾಗುತ್ತದೆ. ಆ ಕಾರಣ ಸುಳ್ಳೆಂದು ಕಾಗದದಲ್ಲಿ ತೋರಿಸಿದರೆ, ತಮ್ಮ ಹಾಸಿಗೆಯ ಪಕ್ಕದಲ್ಲೇ ಕುಳಿತಿದ್ದ ಮಗಳ ಬಗ್ಗೆ ತಂದೆ ಹಾಗೆ ಏಕೆ ಬರೆಸಿಯಾರು, ಆ ಮಾತು ನಿಜವಾಗಿ ಯಾರದು ಎಂಬ ಪ್ರಶ್ನೆ ಏಳುತ್ತದೆ. ಅದೇ ಅನುಮಾನಾಸ್ಪದ ಸಂದರ್ಭ. ಒಂದೇ ಸಂಗತಿ ಒಂದು ವಿವಾದಾಂಶಕ್ಕೆ ಅಪ್ರಸ್ತುತ, ಪಕ್ಕದ ವಿವಾದಾಂಶಕ್ಕೆ ಜೀವಾಳ.

ಇನ್ನು ಐವತ್ತು ವಾಯಿದೆಗಳಿಗೆ ಬರೋಣ. ಅವು ಯಾರಿಂದ ಆದವು ಎಂದು ಊಹಿಸಬೇಕಾಗಿಲ್ಲ. ಪ್ರತಿ ದಿನಾಂಕದಂದು ಏನಾಯಿತು, ಯಾರು ಹಾಜರಿದ್ದರು, ಯಾರು ಸಮಯ ಕೇಳಿದರು ಎಂಬುದು ಆರ್ಡರ್ ಶೀಟಿನಲ್ಲಿರುತ್ತದೆ. ನಿಮ್ಮ ದಾವೆಯ ಹದಿನಾರು ಅಕ್ಷರ-ಅಂಕಿಗಳ ಸಿಎನ್ಆರ್ ಸಂಖ್ಯೆಯನ್ನು ಇ-ಕೋರ್ಟ್ಸ್ ಆ್ಯಪ್‌ಗೆ ಹಾಕಿದರೆ ದಿನಾಂಕವಾರು ನಡಾವಳಿ ಮೊಬೈಲಿನಲ್ಲೇ ಕಾಣುತ್ತದೆ. ಪೂರ್ಣ ಆರ್ಡರ್ ಶೀಟು ಬೇಕಾದರೆ ನಕಲು ಅರ್ಜಿ ಹಾಕಿ ದೃಢೀಕೃತ ಪ್ರತಿ ತೆಗೆಸಿ. ಒಂದು ಮಧ್ಯಾಹ್ನ ಕುಳಿತು ಪ್ರತಿ ವಾಯಿದೆಯ ಮುಂದೆ ಪೆನ್ಸಿಲಿನಲ್ಲಿ ಗುರುತು ಹಾಕಿ: ನಮ್ಮವರು ಕೇಳಿದ್ದು, ಎದುರಿನವರು ಕೇಳಿದ್ದು, ಕೋರ್ಟಿನ ಕಾರಣ.

ಆಗ ಕೆಲವು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ನಿಮ್ಮದು 2019ರ ದಾವೆಯಾದ್ದರಿಂದ ಮೊದಲ ವರ್ಷಗಳ ಬಹುಭಾಗವನ್ನು ಕೊರೊನಾ ನುಂಗಿರುತ್ತದೆ. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಸುಪ್ರೀಂ ಕೋರ್ಟ್ ಕಾಲಮಿತಿಯ ಲೆಕ್ಕದಿಂದಲೇ ಹೊರಗಿಟ್ಟಿತ್ತು. ಆ ಸಾಲುಗಳ ಹೊಣೆಯನ್ನು ಯಾರ ತಲೆಗೂ ಕಟ್ಟುವಂತಿಲ್ಲ. ಪ್ರತಿವಾದಿ 30 ದಿನಗಳಲ್ಲಿ, ಹೆಚ್ಚೆಂದರೆ 90 ದಿನಗಳಲ್ಲಿ ಲಿಖಿತ ಹೇಳಿಕೆ ಸಲ್ಲಿಸಬೇಕೆಂದು ಸಂಹಿತೆಯಲ್ಲಿದೆ. ಆದರೆ ಸಾಮಾನ್ಯ ಸಿವಿಲ್ ದಾವೆಗಳಲ್ಲಿ ಅದು ಕಟ್ಟುನಿಟ್ಟಾದ ಗಡಿಯಲ್ಲವೆಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದ ಮೇಲೆ, ತಡಮಾಡಿದವರು ಒಂದಿಷ್ಟು ಖರ್ಚು ಕಟ್ಟಿ ಒಳಗೆ ಬರುತ್ತಾರೆ. ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದೆಂಬ ನಿಯಮದ ಗತಿಯೂ ಅದೇ. ನಡುವೆ ಪಕ್ಷಗಾರರೊಬ್ಬರು ತೀರಿಕೊಂಡರೆ ಅವರ ವಾರಸುದಾರರನ್ನು ದಾಖಲೆಗೆ ತರಬೇಕು, ಅವರಿಗೆ ಸಮನ್ಸ್ ಜಾರಿಯಾಗಬೇಕು. ಹತ್ತಾರು ಪ್ರತಿವಾದಿಗಳಿರುವ ಹಳ್ಳಿಯ ಜಮೀನಿನ ದಾವೆಗಳಲ್ಲಿ ಒಬ್ಬರ ವಾರಸುದಾರರು ಬರುವಷ್ಟರಲ್ಲಿ ಇನ್ನೊಬ್ಬರು ಹೊರಟುಹೋಗಿರುತ್ತಾರೆ. ನೀವು ಮೂವರೇ ಇರುವುದು ಆ ಮಟ್ಟಿಗೆ ಅದೃಷ್ಟ.

ನನ್ನ ಮೇಲೂ ಒಂದು ಮಾತು ಬರಬೇಕು. ಹಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರು, ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತರಾದವರು, ತಮ್ಮ ದಾವೆಯ ಆರ್ಡರ್ ಶೀಟನ್ನು ಹೀಗೆಯೇ ಗುರುತು ಹಾಕಿ ತಂದು ನನ್ನ ಮೇಜಿನ ಮೇಲಿಟ್ಟರು. ಎದುರು ಪಕ್ಷದವರು ಎಳೆಯುತ್ತಿದ್ದಾರೆಂದು ನಾನು ಅವರಿಗೆ ವರ್ಷಗಳಿಂದ ಹೇಳುತ್ತ ಬಂದಿದ್ದೆ. ಅದನ್ನು ನಾನೂ ನಂಬಿದ್ದೆ. ಅವರ ಪೆನ್ಸಿಲ್ ಗುರುತುಗಳ ಪ್ರಕಾರ ಆರು ವಾಯಿದೆಗಳನ್ನು ಕೇಳಿದ್ದವನು ನಾನೇ. ಸಿಟಿ ಸಿವಿಲ್ ಕೋರ್ಟಿನ ಸಭಾಂಗಣಗಳನ್ನು ನಾವು ಸಿಸಿಎಚ್ ಇಂತಿಷ್ಟು ಎಂದು ಸಂಖ್ಯೆಯಿಂದ ಕರೆಯುತ್ತೇವೆ, ಕೆಲವು ಕೆ.ಜಿ. ರಸ್ತೆಯ ಸಂಕೀರ್ಣದಲ್ಲಿವೆ, ಕೆಲವು ಮೇಯೋ ಹಾಲ್‌ನಲ್ಲಿ. ಒಂದು ಕಡೆ ಪಾಟೀಸವಾಲು ಶುರುವಾಗಿ, ಅದೇ ಹೊತ್ತಿಗೆ ಇನ್ನೊಂದು ಕಡೆ ಕೂಗಿದರೆ ನಡುವಿನ ಬೆಂಗಳೂರಿನ ಟ್ರಾಫಿಕ್ಕಿಗೆ ಯಾವ ವಕೀಲರ ಕರಿಕೋಟನ್ನು ಕಂಡೂ ಕರುಣೆ ಬರುವುದಿಲ್ಲ. ಕಿರಿಯರನ್ನು ಕಳಿಸಿ ‘ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ’ ಎಂದು ಹೇಳಿಸುತ್ತೇವೆ. ಒಂದೊಂದು ಸಲವೂ ಕಾರಣ ನಿಜವಾದದ್ದೇ. ಆರನ್ನೂ ಕೂಡಿಸಿದರೆ ಒಂದೂವರೆ ವರ್ಷ. ಅವರು ಜಗಳವಾಡಲಿಲ್ಲ, ‘ಸರ್, ಇದನ್ನು ನೀವು ನನಗೆ ಹೇಳಿರಲಿಲ್ಲ’ ಎಂದಷ್ಟೇ ಅಂದರು. ಅಂದಿನಿಂದ ನನ್ನ ಕಚೇರಿಯಲ್ಲಿ ವಾಯಿದೆ ನಾವು ಕೇಳಿದ್ದಾದರೆ ಕಕ್ಷಿದಾರರಿಗೆ ಆ ಸಂಜೆಯೇ ಸಂದೇಶ ಹೋಗುತ್ತದೆ, ಕಾರಣ ಸಹಿತ.

ಎರಡು ನಿಮಿಷದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಕೂಗಲು ಶುರುವಾಗುವ ಪಟ್ಟಿಯಲ್ಲಿ ಹತ್ತಾರು ಪ್ರಕರಣಗಳಿರುತ್ತವೆ, ಬಹುಪಾಲಿಗೆ ಆ ದಿನ ಆಗಬೇಕಾದದ್ದು ಎರಡು ನಿಮಿಷದ ಕೆಲಸವೇ: ಒಂದು ಆಕ್ಷೇಪಣೆ ಸಲ್ಲಿಸುವುದು, ಒಂದು ಮೆಮೊ ಕೊಡುವುದು. ವಾದಪತ್ರ ಬರೆಯುವಾಗ, ಸಾಕ್ಷಿಯನ್ನು ಪ್ರಶ್ನಿಸುವ ಹಿಂದಿನ ರಾತ್ರಿ, ಕೊನೆಯ ವಾದಕ್ಕೆ ಟಿಪ್ಪಣಿ ಮಾಡಿಕೊಳ್ಳುವಾಗ ವಕೀಲರು ಎಷ್ಟು ದುಡಿದರು ಎಂಬುದನ್ನು ನೋಡಿ. ವಾದಪತ್ರದಲ್ಲಿ ಹೇಳದ ಸಂಗತಿಗೆ ಎಷ್ಟೇ ಸಾಕ್ಷ್ಯ ತಂದರೂ ಕೋರ್ಟು ಅದನ್ನು ಪರಿಗಣಿಸುವುದಿಲ್ಲ, ಮತ್ತು ವಿಚಾರಣೆ ಶುರುವಾದ ಮೇಲೆ ವಾದಪತ್ರ ತಿದ್ದಲು ಸುಲಭದಲ್ಲಿ ಬಿಡುವುದಿಲ್ಲ. ಆದ್ದರಿಂದ ನಿಮ್ಮ ವಾದಪತ್ರವನ್ನು ಇಂದೇ ಮತ್ತೊಮ್ಮೆ ಓದಿ. ಉಯಿಲು ಅಣ್ಣನವರ ಲಿಖಿತ ಹೇಳಿಕೆಯಲ್ಲಿ ಮೊದಲ ಸಲ ಬಂದಿದ್ದರೆ, ಅದಕ್ಕೆ ನಿಮ್ಮ ಕಡೆಯಿಂದ ಪ್ರತ್ಯುತ್ತರ ಸಲ್ಲಿಕೆಯಾಗಿದೆಯೇ, ಅದರಲ್ಲಿ ನೀವು ತಂದೆಯನ್ನು ನೋಡಿಕೊಂಡ ಮಾತು ಇದೆಯೇ ಎಂದು ಹುಡುಕಿ.

ಇಷ್ಟಾದ ಮೇಲೆ ವಕೀಲರನ್ನು ಬದಲಿಸುವ ಪ್ರಶ್ನೆ. ಅದು ನಿಮ್ಮ ಹಕ್ಕು, ಯಾವ ಹಂತದಲ್ಲಾದರೂ. ಹಿಂದಿನವರಿಂದ ನಿರಾಕ್ಷೇಪಣೆ ಬರೆಸಿಕೊಂಡು ಹೊಸ ವಕಾಲತ್ತು ಹಾಕುವುದು ರೂಢಿ. ಫೀ ಬಾಕಿಯಿದೆ ಎಂದು ಕಕ್ಷಿದಾರರ ಕಡತವನ್ನು ಒತ್ತೆಯಿಟ್ಟುಕೊಳ್ಳುವ ಅಧಿಕಾರ ವಕೀಲರಿಗಿಲ್ಲವೆಂದು ಸುಪ್ರೀಂ ಕೋರ್ಟ್ 2000ದಲ್ಲಿ ಸ್ಪಷ್ಟವಾಗಿ ಹೇಳಿದೆ. ಹೊಸಬರನ್ನು ಹುಡುಕಹೊರಟರೆ, ‘ಈಗ ಏನೂ ಕೊಡಬೇಡಿ, ಮನೆ ಬಂದ ಮೇಲೆ ಇಷ್ಟು ಪಾಲು ಕೊಡಿ’ ಎನ್ನುವವರೂ ಸಿಗುತ್ತಾರೆ. ಫಲಿತಾಂಶಕ್ಕೆ ಗಂಟುಹಾಕಿದ ಫೀಯನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ, ಅಲ್ಲಿಂದ ನಮಸ್ಕಾರ ಹೇಳಿ ಎದ್ದುಬನ್ನಿ. ಹಣದ ಅಡಚಣೆಯಿದ್ದರೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ; ನಿವೃತ್ತಿ ವೇತನ ಬರುತ್ತದೆಂದು ಹಿಂಜರಿಯಬೇಕಾಗಿಲ್ಲ.

ಆದರೂ ನನ್ನ ಅಭಿಪ್ರಾಯದಲ್ಲಿ ನೀವು ಈಗಲೇ ಬದಲಿಸಬಾರದು. ಎದುರು ಪಕ್ಷದ ಸಾಕ್ಷ್ಯದ ಹಂತದಲ್ಲಿ ಬರುವ ಹೊಸ ವಕೀಲರು ಇಡೀ ಕಡತವನ್ನು ಓದಲು ಕನಿಷ್ಠ ಒಂದೆರಡು ವಾಯಿದೆ ಕೇಳಲೇಬೇಕಾಗುತ್ತದೆ, ನಿಮ್ಮ ಪಾಟೀಸವಾಲಿನಲ್ಲಿ ಯಾವ ಮಾತು ಯಾವ ಧಾಟಿಯಲ್ಲಿ ಬಂತೆಂಬುದು ಅವರಿಗೆ ಗೊತ್ತಿರುವುದಿಲ್ಲ. ಗುರುತು ಹಾಕಿದ ಆರ್ಡರ್ ಶೀಟನ್ನು ಹಿಡಿದು ಈಗಿನವರ ಕಚೇರಿಗೆ, ಕೋರ್ಟಿನ ಮೊಗಸಾಲೆಗಲ್ಲ, ಸಂಜೆ ಸಮಯ ಕೇಳಿಕೊಂಡು ಹೋಗಿ. ಅವರು ಕೇಳಿದ ವಾಯಿದೆಗಳ ಕಾರಣವನ್ನು ಕೇಳಿ. ಅಣ್ಣನವರ ಪಾಟೀಸವಾಲಿಗೆ ಏನು ತಯಾರಿಯಿದೆ ಎಂದು ಕೇಳಿ. ಕಡತ ತೆರೆದು ಉತ್ತರ ಹೇಳುವವರಾದರೆ ಉಳಿಸಿಕೊಳ್ಳಿ. ಕಡತ ತೆರೆಯದೆಯೇ ‘ಎಲ್ಲ ನಾನು ನೋಡಿಕೊಳ್ಳುತ್ತೇನಮ್ಮ, ನೀವು ನಿಶ್ಚಿಂತೆಯಾಗಿರಿ’ ಎಂದರೆ, ಆಗ ಬದಲಿಸುವ ಯೋಚನೆ ಮಾಡಿ.

ಗೆದ್ದರೂ ದಾರಿ ಅಲ್ಲಿಗೆ ಮುಗಿಯುವುದಿಲ್ಲ ಎಂಬುದನ್ನೂ ಈಗಲೇ ತಿಳಿದಿರಿ. ಡಿಕ್ರಿ, ಅಂದರೆ ತೀರ್ಪಿನ ಮೇಲೆ ಹೊರಡುವ ಕೋರ್ಟಿನ ಆಜ್ಞೆ, ಪಡೆದ ಮೇಲೆಯೇ ಭಾರತದ ಕಕ್ಷಿದಾರನ ಕಷ್ಟಗಳು ಆರಂಭವಾಗುತ್ತವೆಂದು ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲ್ 1872ರಷ್ಟು ಹಿಂದೆಯೇ ಹೇಳಿತ್ತು. ವಿಭಾಗದ ದಾವೆಯಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ; ನಿಮಗೆ ಮೂರನೇ ಒಂದು ಪಾಲು ಎಂದಷ್ಟೇ ಅದು ಹೇಳುತ್ತದೆ. ಮನೆಯನ್ನು ಭಾಗ ಮಾಡಲು ಅಂತಿಮ ಡಿಕ್ರಿಯ ನಡಾವಳಿ ನಡೆಯಬೇಕು. ಅದಕ್ಕಾಗಿ ಹೊಸದಾಗಿ ಅರ್ಜಿ ಬರಲೆಂದು ಕಾಯದೆ ವಿಚಾರಣಾ ನ್ಯಾಯಾಲಯಗಳು ತಾವಾಗಿ ಮುಂದುವರಿಯಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸೂಚಿಸಿದೆ. ಕೋರ್ಟ್ ಕಮಿಷನರ್ ಬಂದು ಅಳೆದು, 30×40ರಲ್ಲಿ ಮೂರು ಪಾಲು ಮಾಡಲಾಗದು ಎಂದು ವರದಿ ಕೊಡುವುದು ಬಹುತೇಕ ಖಚಿತ. ಹತ್ತಡಿ ಅಗಲದ ಮೂರು ಪಟ್ಟಿಗಳಲ್ಲಿ ಯಾರು ಬಾಳಿಯಾರು? ಆಗ 1893ರ ವಿಭಾಗ ಅಧಿನಿಯಮದ ಪ್ರಕಾರ, ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲುಳ್ಳವರು ಕೇಳಿದರೆ ಮಾರಾಟ ಮಾಡಿ ಹಣ ಹಂಚಲು ಕೋರ್ಟು ಆದೇಶಿಸಬಹುದು. ನೀವು ಮತ್ತು ತಂಗಿ ಸೇರಿದರೆ ಮೂರನೇ ಎರಡು. ನೀವು ಹಾಗೆ ಕೇಳಿದೊಡನೆ ನಿಮ್ಮ ಪಾಲುಗಳನ್ನು ಕೋರ್ಟು ಕಟ್ಟಿದ ಬೆಲೆಗೆ ಕೊಳ್ಳುವ ಅವಕಾಶ ಅಣ್ಣನವರಿಗೆ ಬರುತ್ತದೆ.

ಎಂದರೆ ಎಲ್ಲವೂ ನಿಮ್ಮ ಪರವಾಗಿಯೇ ಆದರೂ ಈ ದಾವೆ ಕೊನೆಗೆ ಬಂದು ನಿಲ್ಲುವುದು ಅಣ್ಣ ಮನೆ ಇಟ್ಟುಕೊಂಡು ತಂಗಿಯರಿಗೆ ಹಣ ಕೊಡುವ, ಅಥವಾ ಮನೆ ಮಾರಿ ಮೂವರೂ ಹಂಚಿಕೊಳ್ಳುವ ಜಾಗದಲ್ಲಿ. ಆ ಮಾತುಕತೆಗೆ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ 2007ರಿಂದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವಿದೆ. ದಾವೆ ಯಾವ ಹಂತದಲ್ಲಿದ್ದರೂ ಅಲ್ಲಿಗೆ ಕಳಿಸುವಂತೆ ಕೋರ್ಟನ್ನು ಕೇಳಬಹುದು, ಅಲ್ಲಿ ಆಡಿದ ಮಾತನ್ನು ಕೋರ್ಟಿನಲ್ಲಿ ನಿಮ್ಮ ವಿರುದ್ಧ ಬಳಸುವಂತಿಲ್ಲ, ಮತ್ತು ಅಲ್ಲಿ ನೀವು ನಿಮ್ಮದೇ ಮಾತಿನಲ್ಲಿ, ಯಾರೂ ‘ಕೇಳಿದ್ದಕ್ಕಷ್ಟೇ’ ಎನ್ನದೆ, ಆ ರಾತ್ರಿಗಳ ಬಗ್ಗೆ ಅಣ್ಣನವರ ಎದುರಿನಲ್ಲೇ ಹೇಳಬಹುದು. ಆದರೆ ಒಂದು ಎಚ್ಚರಿಕೆ: ಉಯಿಲು ನಿಲ್ಲುತ್ತದೆಂಬ ಧೈರ್ಯ ಅಣ್ಣನವರಿಗೆ ಇರುವವರೆಗೆ ಅವರು ಒಳ್ಳೆಯ ಬೆಲೆಗೆ ಬರುವುದಿಲ್ಲ. ನನ್ನ ಲೆಕ್ಕದಲ್ಲಿ ಸರಿಯಾದ ಸಮಯ ಅವರ ಪಾಟೀಸವಾಲು ಮುಗಿದ ಮರುದಿನ.

ಹಾಗಾಗಿ ಮನೆಯ ಬೀರು, ಟ್ರಂಕುಗಳನ್ನು ಹುಡುಕಿ. ತಂದೆಯ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರು ನೀವಾಗಿದ್ದರೆ ಅದರ ಪ್ರತಿ, ಡಿಸ್ಚಾರ್ಜ್ ಕಾಗದಗಳು, ಜೊತೆಯಲ್ಲಿದ್ದವರಿಗೆ ಕೊಡುವ ಪಾಸು, ಔಷಧಿ ಅಂಗಡಿಯ ಬಿಲ್ಲು, ಏನಿದ್ದರೂ ತೆಗೆಯಿರಿ. ಇಲ್ಲವಾದರೆ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಲಿಖಿತ ಅರ್ಜಿ ಕೊಡಿ. ಉಯಿಲಿನ ದಿನಾಂಕದ ಹಿಂದುಮುಂದಿನ ತಿಂಗಳುಗಳಲ್ಲಿ ತಂದೆ ಬ್ಯಾಂಕಿನಲ್ಲಿ ಹಾಕಿದ ಸಹಿಗಳಿದ್ದರೆ ಅವೂ ಬೇಕು. ನಿಮ್ಮ ಸಾಕ್ಷ್ಯ ಮುಗಿದುಹೋಯಿತಲ್ಲ ಎಂದು ಕೈಚೆಲ್ಲಬೇಡಿ: ಎದುರು ಪಕ್ಷದ ಸಾಕ್ಷಿಯನ್ನು ಪಾಟೀಸವಾಲಿನಲ್ಲಿ ಎದುರಿಸಲೆಂದು ತೋರಿಸುವ ದಾಖಲೆಯನ್ನು ಮೊದಲೇ ಸಲ್ಲಿಸಿರಬೇಕೆಂಬ ನಿಯಮವಿಲ್ಲ, ಆ ಸಾಕ್ಷಿ ದಾವೆಯ ಪಕ್ಷಗಾರನೇ ಆಗಿದ್ದರೂ ಇದು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ತೀರ್ಮಾನಿಸಿದೆ. ನಿಮ್ಮ ಸಹಿಯಿರುವ ಆಸ್ಪತ್ರೆಯ ಕಾಗದವನ್ನು ಅಣ್ಣನವರ ಕೈಗೆ ಕೊಟ್ಟು, ‘ಇದರಲ್ಲಿರುವ ಸಹಿ ನಿಮ್ಮ ತಂಗಿಯದು ಎಂದರೆ ಸರಿಯೇ?’ ಎಂದು ನಿಮ್ಮ ವಕೀಲರು ಕೇಳಲಿ. ಅವರು ಏನೇ ಉತ್ತರಿಸಲಿ, ಅದನ್ನು ಬರೆಸಿಕೊಳ್ಳುವ ಹೊತ್ತಿಗೆ ನೀವು ಸಭಾಂಗಣದಲ್ಲಿ, ಕೇಳಿಸುವಷ್ಟು ಹತ್ತಿರದ ಬೆಂಚಿನಲ್ಲಿ ಕುಳಿತಿರಿ.